ಬಿಸಿ ಮಾಡಿದರೆ ತಣ್ಣಗಾಗುವ ಗಾಳಿ

ನಾನು ಬೆಂಕಿಯ ಮುಂದೆ ನಿಂತೇ ಮುದುಕನಾದವನು. ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರದ ಕಡೆಯಿಂದ ವಡೋದರಾಕ್ಕೆ ಬಂದೆ. ಪಾತ್ರೆ ತೊಳೆದೆ, ಕಾವಲಿ ಒರೆಸಿದೆ, ಇಡ್ಲಿಯ ಹಬೆ ಬಾಯ್ಲರ್ ನೋಡಿಕೊಂಡೆ, ಕೊನೆಗೆ ಫತೇಗಂಜ್‌ನಲ್ಲಿ ಸ್ವಂತದ್ದೊಂದು ಸಣ್ಣ ಹೋಟೆಲು ಇಟ್ಟೆ. ಈಗ ಅಡುಗೆಮನೆಗೆ ಬೇರೆಯವರಿದ್ದಾರೆ, ನಾನು ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತೇನೆ. ಬಿಸಿ ಮಾಡಿದ ವಸ್ತು ಬಿಸಿಯಾಗುತ್ತದೆ ಎನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಆ ಅನುಮಾನ ಬಾರದೆ ಹೋದದ್ದರಿಂದಲೇ ಕಳೆದ ಬೇಸಿಗೆಗೆ ಮುಂಚೆ ಒಬ್ಬಳು ಹುಡುಗಿಗೆ ಸಿಗಬೇಕಾದದ್ದನ್ನು ನಾನು ತಪ್ಪಿಸಿದೆ. ಅಥವಾ ಅದು ನಾನು ನನಗೇ ಹೇಳಿಕೊಳ್ಳುತ್ತಿರುವ ನೆಪವೋ ಏನೋ. ಇದನ್ನು ಬರೆಯಲು ಕೂತಾಗಲೂ ನನಗೆ ಸರಿಯಾಗಿ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ, ಸಂಜೆಯ ದೋಸೆ ಶುರುವಾಗುವ ಮುಂಚೆ, ನಮ್ಮ ಹೋಟೆಲಿನ ಹಿಂದಿನ ಮೇಜುಗಳು ಖಾಲಿ ಇರುತ್ತವೆ. ಹತ್ತಿರದ ಹಾಸ್ಟೆಲುಗಳ ವಿದ್ಯಾರ್ಥಿಗಳ ಒಂದು ಗುಂಪು ಅಲ್ಲಿ ಕೂತು ರಾಕೆಟ್ಟು, ಜೆಟ್ಟು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಅಂತ ತಲೆಕೆಡಿಸಿಕೊಳ್ಳುತ್ತಿತ್ತು. ಅದನ್ನೇ ಕಲಿಯಲು ಬಂದವರು ಅವರಲ್ಲಿ ಯಾರೂ ಇರಲಿಲ್ಲ. ಒಬ್ಬ ಮೆಕ್ಯಾನಿಕಲ್, ಒಬ್ಬ ಭೌತಶಾಸ್ತ್ರ, ಒಬ್ಬಳು ಬಟ್ಟೆಯ ಎಂಜಿನಿಯರಿಂಗು. ಬರೀ ಹುಚ್ಚಿನಿಂದ ಸೇರಿದವರು. ಫೋನಿನಲ್ಲಿ ಒಂದು ಆ್ಯಪ್ ಇತ್ತು. ಅದು ಪ್ರಶ್ನೆ ಕೇಳುತ್ತದೆ, ಒತ್ತಿದರೆ ಸರಿಯುತ್ತರದ ಪಕ್ಕದಲ್ಲಿ ಹಸಿರು ಗುರುತು ಮೂಡುತ್ತದೆ. ಯಾರು ಓದಿದರೂ ಉಳಿದವರಿಗೆ ಅನುಮಾನ, ಇವನು ಮೊದಲೇ ನೋಡಿಕೊಂಡ ಅಂತ. ಹೀಗೆ ಒಮ್ಮೆ ಜಗಳ ಜೋರಾದಾಗ ಆ ಬಟ್ಟೆ ಎಂಜಿನಿಯರಿಂಗಿನ ಹುಡುಗಿ ಎದ್ದು ಬಂದು ಫೋನನ್ನು ನನ್ನ ಗಲ್ಲೆಯ ಮೇಲಿಟ್ಟಳು.

"ದಾದಾ, ಇನ್ನು ಮೇಲೆ ನೀವು ಓದಿ. ನಿಮಗೆ ಇದರಲ್ಲಿ ಏನೂ ಗೊತ್ತಿಲ್ಲ. ಅದಕ್ಕೇ ನಿಮ್ಮಷ್ಟು ಪ್ರಾಮಾಣಿಕ ಜಡ್ಜ್ ಸಿಗೋದಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಅದೇ ಪದ್ಧತಿಯಾಯಿತು. ಎಲ್ಲರ ಫೋನುಗಳೂ ಖಾಲಿ ವಡೆ ತಟ್ಟೆಯಲ್ಲಿ ಬೋರಲು ಬೀಳಬೇಕು. ನಾನು ನನ್ನ ಇಂಗ್ಲಿಷಿನಲ್ಲಿ ಪ್ರಶ್ನೆ ಓದಬೇಕು, ಅವರು ಉತ್ತರ ಹೇಳಬೇಕು, ನಾನು ಒತ್ತಿ ನೋಡಿ ಸರಿಯೋ ತಪ್ಪೋ ಸಾರಬೇಕು. ಗಲ್ಲೆ ಹೇಳಿದ್ದೇ ಕೊನೆ. ಆಮೇಲೆ ವಾದ ಮಾಡಿದವರು ಮೇಜು ಒರೆಸಬೇಕು.

ಆ ಪ್ರಶ್ನೆಗಳು ನನ್ನನ್ನು ಎಷ್ಟು ಗೊಂದಲಕ್ಕೆ ಹಾಕುತ್ತಿದ್ದವು ಎಂದರೆ ಮನೆಗೆ ಹೋದ ಮೇಲೂ ಬಿಡುತ್ತಿರಲಿಲ್ಲ. ರಾಕೆಟ್ಟಿನ ಬಾಲದ ಬಾಯಿ ಘಾಗ್ರಾ ಲಂಗದ ಹಾಗೆ ಯಾಕೆ ಅಗಲವಾಗುತ್ತದೆ? ಹಾಗೆ ಅಗಲವಾದರೆ ಒಳಗಿನ ಅನಿಲ ಇನ್ನೂ ವೇಗ ಹಿಡಿಯುತ್ತದಂತೆ. ನಾನು ರಬ್ಬರ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹೋಟೆಲಿನ ಮುಂಬಾಗಿಲು ತೊಳೆದವನು. ಬಾಯಿ ಕಿರಿದಾದರೆ ತಾನೇ ನೀರು ಜೋರು? ಕೇಳಿದ್ದಕ್ಕೆ ಆ ಹುಡುಗಿ ಸಾಂಬಾರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಚಿತ್ರ ಬರೆದಳು.

"ಶಬ್ದದ ವೇಗ ದಾಟೋವರೆಗೆ ನಿಮ್ಮ ಹೆಬ್ಬೆರಳು ಸರಿ, ದಾದಾ. ದಾಟಿದ ಮೇಲೆ ಎಲ್ಲಾ ಉಲ್ಟಾ."

"ಎಲ್ಲಾ ಅಂದ್ರೆ ಎಂತೆಲ್ಲ?"

"ಕೇಳಬೇಡಿ. ನಿಮಗೆ ಇಡ್ಲಿ ಮಾಡೋಕೆ ಭಯ ಆಗುತ್ತೆ."

ಅವಳು ಸುರತ್‌ನವಳು. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಯಾವುದೂ ತಿನ್ನದ ಮನೆ, ಅವಳ ಪಾಲಿನ ಸಾಂಬಾರು ಬೇರೆ ಪಾತ್ರೆಯಲ್ಲಿ ಇಡಿಸುತ್ತಿದ್ದೆ. ಅಪ್ಪನದು ಸೀರೆಗೆ ಕಸೂತಿ ಹಾಕುವ ಯಂತ್ರಗಳ ಕಾರ್ಖಾನೆ. ಮಗಳು ಓದು ಮುಗಿಸಿ ಬಂದು ಕಂಪ್ಯೂಟರಿನಲ್ಲಿ ಹೂವಿನ ನಮೂನೆ ಬರೆಯಬೇಕು ಎಂಬುದು ಅವರ ಲೆಕ್ಕ. ರಾಕೆಟ್ಟಿನ ಮಾತೆತ್ತಿದಾಗ ಅವರು ಅಂದಿದ್ದರಂತೆ, 'ಯಾವುದಾದರೂ ರಾಕೆಟ್ ಕಾರ್ಖಾನೆ ತಾನಾಗಿ ನಿನ್ನನ್ನು ಕರೆಯಲಿ, ಆಗ ನೋಡೋಣ. ಇಲ್ಲದಿದ್ದರೆ ಈ ಬೇಸಿಗೆಯಿಂದ ಕಂಪ್ಯೂಟರಿಗೆ ಕೂತುಬಿಡು.' ಇದನ್ನು ಅವಳು ಎಲ್ಲರೆದುರೇ ಹೇಳಿದ್ದಳು.

ಅಂಥ ಕಾರ್ಖಾನೆ ಒಂದಿತ್ತು. ಅಹಮದಾಬಾದಿನ ನರೋಡಾದಲ್ಲಿ, ನಮ್ಮ ಹೋಟೆಲಿನಲ್ಲಿ ಉಂಡು ಓದಿದ ಒಬ್ಬರು ರಾಕೆಟ್ ಎಂಜಿನ್ನಿನ ಸಣ್ಣ ಸಣ್ಣ ಭಾಗಗಳನ್ನು ಲೋಹದಲ್ಲಿ ಕಡೆದು ಕೊಡುವ ಕೆಲಸ ಇಟ್ಟುಕೊಂಡಿದ್ದಾರೆ. ಪ್ರತಿ ಬೇಸಿಗೆಗೆ ನಮ್ಮ ಹಿಂದಿನ ಮೇಜಿನಿಂದ ಒಬ್ಬರಿಗೆ ಅಲ್ಲಿ ರಜೆಯಿಡೀ ಕೂತು ಕೆಲಸ ಕಲಿಯಲು ಒಂದು ಸ್ಟೂಲು. "ಯಾರನ್ನು ಕಳಿಸಬೇಕು ಅಂತ ನಿಮ್ಮ ಗಲ್ಲೆಯೇ ಹೇಳಲಿ, ಅಣ್ಣಾ" ಅಂದಿದ್ದರು.

ಆ ವರ್ಷ ಪ್ರಶ್ನೆಗಳ ಪಂದ್ಯದಲ್ಲಿ ಕೊನೆಯವರೆಗೆ ಉಳಿದವರು ಇಬ್ಬರು. ಒಬ್ಬಳು ಇವಳು. ಇನ್ನೊಬ್ಬ ಬ್ಯಾಂಕಿನವರ ಮಗ. ಅಪ್ಪ ಹುಬ್ಬಳ್ಳಿಯ ಕಡೆಯವರು, ವರ್ಗವಾಗಿ ಬಂದು ವಡೋದರಾದಲ್ಲೇ ನಿಂತವರು. ಹುಡುಗ ಬೆಳೆದದ್ದು ಇಲ್ಲಿ, ಅವನ ಕನ್ನಡ ಕುಂಟುತ್ತದೆ. ಆದರೂ ನನ್ನ ಹತ್ತಿರ ಬಂದಾಗ ಹಠ ಹಿಡಿದು ಕನ್ನಡವನ್ನೇ ಆಡುತ್ತಿದ್ದ. "ಅಜ್ಜ, ಇವತ್ತು ನನಗೆ ಭೂಖ್ ತುಂಬಾ ಇದೆ" ಎನ್ನುತ್ತಿದ್ದ. ಊರಿನಲ್ಲಿರುವ ಅಜ್ಜಿಯ ಜೊತೆ ಫೋನಿನಲ್ಲಿ ನಾಲ್ಕು ಮಾತು ಆಡಲು ನನ್ನಿಂದ ಕಲಿಯುತ್ತಿದ್ದ. ಈ ಊರಿನಲ್ಲಿ ನನ್ನನ್ನು ಅಣ್ಣಾ ಅನ್ನುವವರಿದ್ದಾರೆ, ದಾದಾ ಅನ್ನುವವರಿದ್ದಾರೆ. ಅಜ್ಜ ಅನ್ನುತ್ತಿದ್ದವನು ಅವನೊಬ್ಬನೇ.

ಇಬ್ಬರೂ ಸಮ ಸಮ ಬಂದರು. ಒಂದೇ ಪ್ರಶ್ನೆ ಉಳಿಯಿತು. ನಾನು ಓದಿದೆ. ಒಂದು ನೇರ ಕೊಳವೆ, ಎಲ್ಲ ಕಡೆಯೂ ಒಂದೇ ಅಗಲ. ಒಳಗೆ ಗಾಳಿ ಶಬ್ದದ ವೇಗಕ್ಕಿಂತ ತುಸುವೇ ಕಡಿಮೆ ವೇಗದಲ್ಲಿ ಓಡುತ್ತಿದೆ. ಅದಕ್ಕೆ ಸ್ವಲ್ಪ ಶಾಖ ಕೊಟ್ಟರೆ ಗಾಳಿಯ ಉಷ್ಣತೆ ಏರುತ್ತದೋ, ಇಳಿಯುತ್ತದೋ, ಹಾಗೇ ಇರುತ್ತದೋ?

"ಏರುತ್ತೆ" ಅಂದ ಹುಡುಗ ಕೂಡಲೇ.

ಅವಳು ಕಣ್ಣು ಮುಚ್ಚಿಕೊಂಡಳು. ಬೆರಳಿನಿಂದ ಗಾಳಿಯಲ್ಲಿ ಏನೋ ಗೆರೆ ಎಳೆದಳು. "ಇಳಿಯುತ್ತೆ."

ಮೇಜಿಗೆ ಮೇಜೇ ನಕ್ಕಿತು. "ಸುರತ್‌ನಲ್ಲಿ ಹಾಲು ಕಾಯಿಸಿದ್ರೆ ಐಸ್‌ಕ್ರೀಂ ಆಗುತ್ತಾ?" ಅಂದ ಒಬ್ಬ. "ಅಣ್ಣಾ, ಇವಳ ಟೀ ಫ್ರಿಜ್‌ನಲ್ಲಿಟ್ಟು ಕುದಿಸಿ!" ಅಂದ ಇನ್ನೊಬ್ಬ.

ನಾನು ಒತ್ತಿದೆ. ಹಸಿರು ಗುರುತು 'ಇಳಿಯುತ್ತದೆ' ಎಂಬುದರ ಪಕ್ಕದಲ್ಲಿ ಮೂಡಿತು.

ನಾನು ಅದನ್ನು ನೋಡಿದೆ. ನೋಡಲಿಲ್ಲ ಅಂತ ಹೇಳಲಾರೆ. ಹಿಂದೆ ಬಾಯ್ಲರು ಬುಸುಗುಟ್ಟುತ್ತಿತ್ತು. ಇದೆಂಥ ಹುಚ್ಚು, ಅಚ್ಚಿನ ತಪ್ಪಿರಬೇಕು, ಬೆಂಕಿ ಕೊಟ್ಟರೆ ತಣ್ಣಗಾಗುವುದಾದರೆ ನಾನು ಇಷ್ಟು ವರ್ಷ ಬೇಯಿಸಿದ್ದೇನು ಎನ್ನಿಸಿತು. ಎದುರಿಗೆ ಹುಡುಗ ಎರಡೂ ಕೈ ಮೇಜಿಗೆ ಒತ್ತಿ, "ಅಜ್ಜ, ಹೇಳಿ ನಾ" ಅಂದ. ನಾನು ತೆರೆ ಆರಿಸಿ, "ಏರುತ್ತದೆ. ಹುಡುಗನದ್ದು ಸರಿ" ಎಂದೆ.

ಅವಳು ನನ್ನನ್ನೇ ನೋಡಿದಳು. ವಾದ ಮಾಡಲಿಲ್ಲ. ವಡೆ ತಟ್ಟೆಯಿಂದ ತನ್ನ ಫೋನು ಎತ್ತಿಕೊಂಡು, ಹುಡುಗನಿಗೆ ಕೈ ಕೊಟ್ಟು, ಹೋದಳು. ಪರೀಕ್ಷೆ ಮುಗಿದ ಮೇಲೆ ಸುರತ್‌ಗೆ ಹೋದಳೆಂದು ಕೇಳಿದೆ. ಅವಳ ಸಾಂಬಾರಿನ ಪಾತ್ರೆ ಅಡುಗೆಮನೆಯ ಕಪಾಟಿನಲ್ಲಿ ಕವುಚಿಕೊಂಡಿತು.

ಬೇಸಿಗೆಯ ನಡುವೆ ಒಂದು ದಿನ ಹುಡುಗ ನರೋಡಾದಿಂದ ಫೋನು ಮಾಡಿದ. ದನಿಯಲ್ಲಿ ಭಾರೀ ಉತ್ಸಾಹ.

"ಅಜ್ಜ, ಒಂದು ತಮಾಷೆ! ಆ ಲಾಸ್ಟ್ ಪ್ರಶ್ನೆ ಇತ್ತಲ್ಲ? ಸರ್‌ಗೆ ಹೇಳಿದೆ. ಅವರು ನಗ್ತಾರೆ, ನಗ್ತಾರೆ. ಇಳಿಯುತ್ತೆ ಅಂತೆ! ಲೆಕ್ಕ ಮಾಡಿ ತೋರಿಸಿದ್ರು. ಫ್ಯಾನೇ ಇಲ್ಲದ ಜೆಟ್ ಎಂಜಿನ್ ಇರುತ್ತಲ್ಲ, ಅದರಲ್ಲಿ ಇದು ಬಹಳ ಇಂಪಾರ್ಟೆಂಟ್ ಅಂತೆ. ಆ ಆ್ಯಪ್ ರಾಂಗ್ ಇದೆ, ಅಜ್ಜ."

"ಹೌದಾ" ಅಂದೆ.

"ಪಾಪ ಅವಳು. ಅವಳದ್ದು ಕರೆಕ್ಟ್ ಇತ್ತು. ಆ್ಯಪ್‌ನವರಿಗೆ ಕಂಪ್ಲೇಂಟ್ ಬರೀತೀನಿ."

ಆಗಲೂ ನಾನು ಬಾಯಿ ಬಿಡಲಿಲ್ಲ. ಪಾಪದ ಆ್ಯಪು, ಅದರ ಮೇಲೆ ದೂರು ಹೋಗಲಿದೆ. ಗಲ್ಲೆಯಲ್ಲಿ ಕೂತಿದ್ದವನಿಗೆ ಚಿಲ್ಲರೆ ಕೊಡಲೂ ತೋಚಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ನನ್ನತ್ರ ಹೇಳಿ ಎಂತ ಪ್ರಯೋಜನ? ನಾ ಎಂತ ರಾಕೆಟ್ ಬಿಡ್ತಿನಾ? ಆ ಹೆಣ್ಣಿನತ್ರ ಹೋಯಿ ಹೇಳಿ."

"ಅಚ್ಚಿನ ತಪ್ಪು ಅಂದ್ಕಂಡೆ ಮಾರಾಯ್ತಿ."

"ಅದನ್ನೂ ಅಲ್ಲೇ ಹೇಳಿ" ಅಂದಳು.

ಸುರತ್‌ಗೆ ಬೆಳಗಿನ ರೈಲು ಹಿಡಿದೆ. ಅವರ ಕಾರ್ಖಾನೆಯಲ್ಲಿ ಉದ್ದನೆಯ ಯಂತ್ರಗಳು ಸಾಲುಸಾಲು ಸೂಜಿಗಳಿಂದ ಒಂದೇ ಸಲಕ್ಕೆ ಒಂದೇ ಹೂವನ್ನು ಹಲವು ಸೀರೆಗಳ ಮೇಲೆ ಹೊಲಿಯುತ್ತಿದ್ದವು. ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅವಳು ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು, ತೆರೆಯ ಮೇಲೆ ಅರ್ಧ ಆದ ಒಂದು ನವಿಲು. ನನ್ನನ್ನು ನೋಡಿ ಎದ್ದು, "ಬೆಸೋ, ದಾದಾ" ಅಂತ ಕುರ್ಚಿ ಎಳೆದಳು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ನನ್ನ ಹಿಂದಿ ಯಾವತ್ತೂ ಲೆಕ್ಕ ಕೂಡಿಸುವ ಹಿಂದಿ. ಮಾಫಿ ಕೇಳುವ ಹಿಂದಿ ನನಗೆ ಬರುವುದಿಲ್ಲ. ಗುರುತು ಇಳಿಯುವುದರ ಪಕ್ಕದಲ್ಲಿತ್ತು, ನಾನು ಏರುತ್ತದೆ ಅಂದೆ, ಅಷ್ಟನ್ನು ಹೇಗೋ ಹೇಳಿದೆ.

"ಗೊತ್ತು" ಅಂದಳು. "ಹಾಸ್ಟೆಲಿಗೆ ಹೋಗಿ ನನ್ನ ಫೋನಲ್ಲಿ ಅದೇ ಪ್ರಶ್ನೆ ತೆಗೆದೆ."

"ಮತ್ತೆ ಯಾಕಮ್ಮ ಬಂದು ಹೇಳಲಿಲ್ಲ?"

"ಗಲ್ಲೆ ಹೇಳಿದ್ದೇ ಕೊನೆ ಅಂತ ರೂಲ್ ಮಾಡಿದ್ದು ಯಾರು? ನಾನೇ ತಾನೆ? ನಿಮ್ಮನ್ನ ಅಲ್ಲಿ ಕೂರಿಸಿದ್ದೂ ನಾನೇ. ಏನೂ ಗೊತ್ತಿಲ್ಲದವರು ಪಕ್ಷಪಾತ ಮಾಡಲ್ಲ ಅಂದ್ಕೊಂಡೆ." ನವಿಲಿನ ಕಡೆ ಒಮ್ಮೆ ನೋಡಿದಳು. "ಸಾಚು ಬೋಲೋ, ದಾದಾ. ನಿಮಗೆ ಆ ಉತ್ತರ ನಂಬಿಕೆ ಬರಲಿಲ್ಲವೋ, ಅವನು ಗೆಲ್ಲಲಿ ಅಂತ ಆಸೆ ಇತ್ತೋ?"

ಗೊತ್ತಿಲ್ಲ ಅಂದೆ.

"ಹಾಗಾದ್ರೆ ಬರೀ ಮಾಫಿ ನನಗೆ ಬೇಡ. ಎರಡು ಪ್ರಶ್ನೆಗೆ ಉತ್ತರ ತಗೊಂಡು ಬನ್ನಿ. ಒಂದು ಇದು. ಇನ್ನೊಂದು, ಗಾಳಿ ಯಾಕೆ ತಣ್ಣಗಾಗುತ್ತೆ. ನಾನು ಅದನ್ನ ಕಲಿಯೋಕೆ ಎಷ್ಟು ಕಷ್ಟಪಟ್ಟೆ ಅಂತ ನಿಮಗೂ ಗೊತ್ತಾಗಲಿ."

ಹೀಗೆ ಈ ವಯಸ್ಸಿನಲ್ಲಿ ನಾನು ವಿದ್ಯಾರ್ಥಿಯಾದೆ. ಬೇಸಿಗೆಗೆ ಊರಿಗೆ ಹೋಗದೆ ಉಳಿದಿದ್ದ ಹುಡುಗರನ್ನು ಹಿಂದಿನ ಮೇಜಿಗೆ ಕರೆದು, ಮೊದಲು ನಡೆದದ್ದನ್ನು ಹೇಳಿದೆ. ಐಸ್‌ಕ್ರೀಂ ಅಂದಿದ್ದವನು ತಲೆ ತಗ್ಗಿಸಿದ. ಆಮೇಲೆ ಅವನೇ ಕಲಿಸಲು ಕೂತ. ಶಾಖ ಅಂದರೆ ಗಾಳಿಯ ಕಣಗಳು ಅಡ್ಡಾದಿಡ್ಡಿ ಕುಣಿಯುವುದು, ವೇಗ ಅಂದರೆ ಅವೆಲ್ಲ ಒಂದೇ ಕಡೆಗೆ ಓಡುವುದು ಎಂದ. ಇಷ್ಟು ತಿಳಿಯಿತು. ಮುಂದಕ್ಕೆ ಅವನು ಬರೆದದ್ದೆಲ್ಲ ನನಗೆ ಇರುವೆ ಸಾಲು.

"ಅಣ್ಣಾ, ನವರಾತ್ರಿಯ ಗರ್ಬಾ ನೋಡಿದ್ದೀರಲ್ಲ?" ಅಂದ ಕೊನೆಗೆ. "ಮೈದಾನದಲ್ಲಿ ಜನ ಕುಣೀತಿದ್ದಾರೆ, ಮೊಣಕೈಗೆ ಮೊಣಕೈ ತಾಗುತ್ತೆ. ಅದು ಶಾಖ. ಢೋಲು ಜೋರು ಮಾಡಿದ್ರೆ ಕುಣಿತ ಜೋರಾಗುತ್ತೆ. ಬರಾಬರ್? ಈಗ ಅದೇ ಜನ ಒಂದು ಓಣಿಯಲ್ಲಿ ಹೆಚ್ಚೂಕಮ್ಮಿ ಓಡ್ತಾನೇ ಇದ್ದಾರೆ ಅಂದ್ಕೊಳ್ಳಿ. ಈಗ ಢೋಲು ಜೋರು ಮಾಡಿ. ಅವರಿಗೆ ಇನ್ನೂ ಜಾಗ ಬೇಕು, ಪಕ್ಕಕ್ಕೆ ಗೋಡೆ. ಮುಂದಕ್ಕೇ ನುಗ್ಗಬೇಕು. ಕೊಟ್ಟ ಹುರುಪು ಪೂರಾ ಓಟಕ್ಕೇ ಹೋಗುತ್ತೆ. ಅದೂ ಸಾಲದೆ ಕುಣಿತದಲ್ಲಿದ್ದ ಹುರುಪನ್ನೂ ಓಟ ಎಳ್ಕೊಳ್ಳುತ್ತೆ. ಮೊಣಕೈ ತಾಗೋದು ಕಡಿಮೆ ಆಯ್ತು. ಅಂದ್ರೆ ತಣ್ಣಗಾಯ್ತು!"

ಮೇಜಿನಲ್ಲಿ ಕೂತಾಗ ಹೌದೌದು ಅನ್ನಿಸಿತು. ಮನೆಯ ದಾರಿಯಲ್ಲಿ ರೈಲ್ವೆ ಗೇಟು ದಾಟುವಷ್ಟರಲ್ಲಿ ತಪ್ಪಿಹೋಯಿತು. ಓಣಿಯಲ್ಲಿ ಓಡುವವರಿಗೆ ಬೆವರು ಬರುವುದಿಲ್ಲವೇ? ಮರುದಿನ ಕೇಳಿದರೆ, ಆ ಉಷ್ಣತೆ ಅಳೆಯುವ ಥರ್ಮಾಮೀಟರು ಗಾಳಿಯ ಜೊತೆಗೇ ಓಡುತ್ತಿರಬೇಕು ಎಂದರು. ಓಡುವ ಥರ್ಮಾಮೀಟರನ್ನು ಓದುವವನೂ ಓಡಬೇಕೇ ಎಂದು ನಾನು ಕೇಳಿದೆ. ಅವರು ನಕ್ಕರು, ನಾನು ತಮಾಷೆ ಮಾಡಿರಲಿಲ್ಲ.

ಅವಳ ಮೊದಲ ಪ್ರಶ್ನೆಗೆ ಮಾತ್ರ ಯಾರನ್ನೂ ಕೇಳುವ ಹಾಗಿರಲಿಲ್ಲ.

ಆ ವಾರವೇ ನರೋಡಾಕ್ಕೆ ಹೋದೆ. ಕಾರ್ಖಾನೆಯ ಯಜಮಾನರ ಎದುರಿಗೆ, ಹುಡುಗನೂ ಇರುವಾಗಲೇ, ಹೇಳಿಬಿಟ್ಟೆ. ಹುಡುಗ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಕೈಯಲ್ಲಿ ಲೋಟದಷ್ಟು ಸಣ್ಣದೊಂದು ಲೋಹದ ಕೊಳವೆ. ನಡು ಕಿರಿದು, ಬಾಯಿ ಅಗಲ. ಆ ಘಾಗ್ರಾ ಇದೇ ಇರಬೇಕು ಎಂದು ಅಷ್ಟರಲ್ಲೂ ನನಗೆ ಅನ್ನಿಸಿತು.

ಯಜಮಾನರು ಕೈಯ ಎಣ್ಣೆ ಒರೆಸಿಕೊಂಡರು. "ಅಣ್ಣಾ, ನನ್ನ ಹತ್ತಿರ ಸ್ಟೂಲು ಒಂದೇ ಇದೆ. ನಿಮ್ಮ ಗಲ್ಲೆ ಕಳಿಸಿದವರಿಗೆ ಕೊಡ್ತೀನಿ ಅಂತ ಮಾತು. ಈಗ ಗಲ್ಲೆ ಏನು ಹೇಳುತ್ತೆ?"

"ಅವಳನ್ನ ಕಳಿಸಬೇಕಿತ್ತು" ಅಂದೆ.

ಹುಡುಗ ಕನ್ನಡಕ ತೆಗೆದು, ಕೊಳವೆಯನ್ನು ಬಟ್ಟೆಯ ಮೇಲೆ ನಿಧಾನವಾಗಿ ಇಟ್ಟ. "ನಾನು ಆ್ಯಪ್‌ನವರಿಗೆ ಬೈದು ಬರೆದೆ" ಎಂದ. ಹಿಂದಿಯಲ್ಲಿ ಹೇಳಿದ. "ಎಲ್ಲರಿಗೂ ಹೇಳಿದೆ, ಆ್ಯಪ್ ಸುಳ್ಳು, ನಾನು ಗೆದ್ದದ್ದು ಲಕ್ಕು ಅಂತ. ಲಕ್ಕೂ ಅಲ್ಲ. ನೀವು ನನ್ನನ್ನ ಕಳ್ಳನ ಹಾಗೆ ಕೂರಿಸಿದ್ರಿ, ಅಂಕಲ್. ನಾನು ಕೇಳಿದ್ನಾ?"

ಕೇಳಿರಲಿಲ್ಲ. ಅವನು ಕೇಳಿದ್ದು 'ಹೇಳಿ ನಾ' ಎಂದಷ್ಟೇ. ಅವನು ಚೀಲ ಎತ್ತಿಕೊಂಡು ಹೊರಟುಹೋದ ಮೇಲೆ ಯಜಮಾನರು, ಆ ಹುಡುಗಿಯನ್ನು ಕಳಿಸಿ ಎಂದರು.

ಮತ್ತೆ ಸುರತ್. ಈ ಸಲ ಅವಳ ಅಪ್ಪನೂ ಗಾಜಿನ ಕೋಣೆಯಲ್ಲಿದ್ದರು. ನಾನು ಗರ್ಬಾ, ಓಣಿ, ಗೋಡೆ, ಢೋಲು ಎಲ್ಲವನ್ನೂ ಹೇಳಿದೆ. ನಡುವೆ ಎಲ್ಲೋ ಓಡುವವರು ನಿಂತುಹೋದರು, ಮತ್ತೆ ಮೊದಲಿನಿಂದ ಓಡಿಸಿದೆ. ಅವಳು ತಡೆಯದೆ ಕೇಳಿದಳು.

"ಅರ್ಧ ಸರಿ" ಅಂದಳು. "ನಿಮ್ಮ ಕೈಯನ್ನ ಆ ಕೊಳವೆಯೊಳಗೆ ಇಟ್ಟರೆ ಗೊತ್ತಾ, ದಾದಾ? ಮೊದಲಿಗಿಂತ ಹೆಚ್ಚು ಬಿಸಿ ತಾಗುತ್ತೆ. ಗಾಳಿ ಬಂದು ಕೈಗೆ ಬಡಿದು ನಿಂತುಬಿಡುತ್ತಲ್ಲ, ಆಗ ಓಟವೆಲ್ಲ ಮತ್ತೆ ಶಾಖ ಆಗುತ್ತೆ. ನಿಮ್ಮ ಕೈ ಸುಳ್ಳು ಹೇಳಲ್ಲ. ಆದ್ರೆ ಪ್ರಶ್ನೆ ಕೈಯದ್ದಲ್ಲ, ಗಾಳೀದು."

ನನಗೆ ಇನ್ನಷ್ಟು ಗಲಿಬಿಲಿಯಾಯಿತು. ಹಾಗಾದರೆ ನಾನು ಹೇಳಿದ್ದೂ ಒಂದು ರೀತಿಯಲ್ಲಿ ಸರಿಯೇ ಎಂದು ಮನಸ್ಸು ತಕ್ಷಣ ಹಿಗ್ಗಿತು. ಹಾಗೆ ಹಿಗ್ಗಿದ್ದನ್ನು ನೋಡಿಯೇ ಅವಳ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತೇನೋ.

"ಇನ್ನೊಂದು?" ಅಂದಳು.

"ಒತ್ತುವ ಮುಂಚೆಯೇ 'ಹುಡುಗನದ್ದು ಸರಿ' ಅನ್ನೋ ಮಾತು ನನ್ನ ಬಾಯಲ್ಲಿತ್ತು. ಹಸಿರು ಗುರುತು ಎಲ್ಲಿದ್ದರೂ ಅದೇ ಬರ್ತಿತ್ತೋ ಏನೋ. ಅಚ್ಚಿನ ತಪ್ಪು ಅಂದ್ಕೊಂಡದ್ದೂ ನಿಜ. ಆದ್ರೆ ನಿನ್ನ ಉತ್ತರ ಅವನ ಬಾಯಿಂದ ಬಂದಿದ್ರೆ ಅಚ್ಚಿನ ತಪ್ಪು ಅಂತಿದ್ನಾ? ಅನ್ನುತ್ತಿರಲಿಲ್ಲ ಅನ್ನಿಸುತ್ತೆ. ಇದಕ್ಕಿಂತ ಹೆಚ್ಚು ನನಗೆ ತಿಳಿಯೋದಿಲ್ಲಮ್ಮ."

ಅವಳ ಅಪ್ಪ ಇಷ್ಟು ಹೊತ್ತೂ ನನ್ನನ್ನು ಅಳೆಯುತ್ತಿದ್ದರು. "ದೋಸೆಯವರು ರಾಕೆಟ್ಟಿಗೆ ಜಡ್ಜು!" ಎಂದರು. "ಚೆನ್ನಾಗಿದೆ. ನಾನು ಇನ್ನು ಸೀರೆಯ ಬಣ್ಣ ನೋಡೋಕೆ ವಿಮಾನದ ಡ್ರೈವರನ್ನ ಕರೆಸ್ತೀನಿ."

"ನಗಿ ಸಾಹೇಬರೇ" ಅಂದೆ. "ಆದ್ರೆ ನರೋಡಾದವರು ನಿಮ್ಮ ಮಗಳನ್ನ ಕರೆದಿದ್ದಾರೆ. ಅವರಿಗೆ ಬೇಕಾದದ್ದು ಅವಳೇ ಆಗಿತ್ತು. ತಡ ಆದದ್ದು ನನ್ನಿಂದ."

ಅವರು ಮಗಳ ಮುಖ ನೋಡಿದರು. ಹೊರಗೆ ಯಂತ್ರ ಹೂವು ಹೊಲಿಯುತ್ತಲೇ ಇತ್ತು. "ಆ ನವಿಲು ಮುಗಿಸಿ ಹೋಗು" ಎಂದರು ಗುಜರಾತಿಯಲ್ಲಿ. ನನಗೆ ಅಷ್ಟು ಗುಜರಾತಿ ಬರುತ್ತದೆ. ಮಾಫ್ ಮಾಡಿದ್ದೇನೆ ಎಂದು ಅವಳು ಹೇಳಲಿಲ್ಲ, ಹೊರಡುವಾಗ ನನಗೆ ಚಹಾ ತರಿಸಿ ಕೊಟ್ಟಳು. ಉಳಿದ ಬೇಸಿಗೆಯನ್ನು ಅವಳು ನರೋಡಾದ ಸ್ಟೂಲಿನ ಮೇಲೆ ಕಳೆದಳು. ಮುಂದೆಯೂ ಅಲ್ಲಿಗೇ ಹೋಗಲು ಅಪ್ಪ ಒಪ್ಪಿದ್ದಾರಂತೆ.

ಈಗ ಗಲ್ಲೆಯಲ್ಲಿ ನಾನು ಪ್ರಶ್ನೆ ಓದುವುದಿಲ್ಲ. ಫೋನು ಬೇರೆಯವರ ಕೈಗೆ ಹೋಗಿದೆ. ಹುಡುಗ ಶನಿವಾರ ಬರುತ್ತಾನೆ, "ಏಕ್ ಸಾದಾ ದೋಸಾ, ಅಂಕಲ್" ಎನ್ನುತ್ತಾನೆ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ಹಿಂದಿಯಲ್ಲಿ ಉತ್ತರ.

ಹೋದ ವಾರ ಅವನು ತಿನ್ನುತ್ತಿದ್ದಾಗ ಅವನಿಗೊಂದು ಫೋನು ಬಂತು. ಅಜ್ಜಿಯದು. ಸ್ವಲ್ಪ ಹೊತ್ತು "ಹಾಂ, ಹಾಂ" ಅಂದ. ಆಮೇಲೆ ಎದ್ದು ಬಂದು ಏನೂ ಹೇಳದೆ ಫೋನನ್ನು ನನ್ನ ಮುಂದೆ ಇಟ್ಟ.

"ಯಾರ್ರೀ? ಹೋಟೆಲ್ ಅಜ್ಜಾರೇನು?" ಅಂದರು ಆ ಅಜ್ಜಿ. "ನನ್ನ ಮೊಮ್ಮಗ ರಾಕೆಟ್ ಕಾರ್ಖಾನಿಗೆ ಹೋಗಿದ್ದನಲ್ರೀ, ಯಾಕ ನಡುವ ಬಿಟ್ಟು ಬಂದ? ಕೇಳಿದ್ರ ಮಾತಾಡವಲ್ಲ. ಏನರ ತಪ್ಪು ಮಾಡ್ಯಾನೇನು?"

ಹುಡುಗ ನನ್ನನ್ನೇ ನೋಡುತ್ತಿದ್ದ. ಸರಿಯಾಗಿ ಆಡಲು ಬರದಿದ್ದರೂ ಅವನಿಗೆ ಕನ್ನಡ ತಿಳಿಯುತ್ತದೆ.

"ಅವನು ಎಂತದ್ದೂ ತಪ್ಪು ಮಾಡ್ಲಿಲ್ಲಮ್ಮ" ಅಂದೆ. "ತಪ್ಪು ತೀರ್ಪು ಹೇಳಿದ್ದು ನಾನು. ತನ್ನದಲ್ಲ ಅಂತ ಗೊತ್ತಾದ ಕೂಡ್ಲೇ ಅವನು ಎದ್ದು ಬಂದ."

"ಹಂಗಾರ ಛಲೋ ಆತು ಬಿಡ್ರಿ" ಎಂದರು ಅವರು.

ಹುಡುಗ ಫೋನು ತೆಗೆದುಕೊಂಡು ತನ್ನ ಮೇಜಿಗೆ ಹೋದ. ಮಾತಿನ ನಡುವೆ ಅವನ ಸಾಂಬಾರು ಆರಿ ಹೋಗಿತ್ತು. ನಾನು ಹತ್ತಿರ ಹೋಗಿ, "ಬಿಸಿ ಮಾಡಿಸ್ಲಾ?" ಅಂದೆ.

ಅವನು ಬಟ್ಟಲನ್ನು ನೋಡಿದ. "ಬೇಡ" ಎಂದ ಕನ್ನಡದಲ್ಲಿ. "ಬಿಸಿ ಮಾಡಿದ್ರೆ ಇನ್ನೂ ತಣ್ಣಗೆ ಆಗುತ್ತೆ."

ನಗುತ್ತಾನೋ ಎಂದು ನೋಡಿದೆ. ನಗಲಿಲ್ಲ. ತಮಾಷೆಯೋ, ಚುಚ್ಚು ಮಾತೋ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ ಬಿಸಿ ಮಾಡಿಸಿ ತಂದಿಟ್ಟೆ. ಅವನು ತಿಂದ.